ಇಪ್ಪತ್ತಾರರ ಗೆರೆ

ಅಥವಾ ಥರ್ಮಾಮೀಟರು ಒಡೆದದ್ದು ರೀತಮ್ಮನ ಹೆಸರು ಬೋರ್ಡಿಗೆ ಏರಿದ ನಂತರವೇ ಇರಬೇಕು. ಹಾಗೆಂದೇ ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಮೊದಲು ಹೆಸರು, ಆಮೇಲೆ ಗಾಜು. ಈ ಕ್ರಮದಲ್ಲಿ ಜೋಡಿಸಿದರೆ ನನ್ನ ಪಾಲಿಗೆ ಏನೂ ಉಳಿಯುವುದಿಲ್ಲ. ಕೈಯಿಂದ ಒಂದು ಸಾಮಾನು ಜಾರಿ ಬಿತ್ತು, ಅಷ್ಟೇ. ಕ್ರಮ ತಿರುಗಿಸಿದರೆ ನಾನು ಬೇರೆಯೇ ಮನುಷ್ಯನಾಗುತ್ತೇನೆ. ಇಷ್ಟು ಅನುಕೂಲವಾದ ನೆನಪನ್ನು ಬೇರೆ ಯಾರಾದರೂ ತಂದು ನನ್ನೆದುರು ಇಟ್ಟಿದ್ದರೆ ಮೊದಲು ಮೂಸಿ ನೋಡುತ್ತಿದ್ದೆ. ನನ್ನದೇ ಆದ್ದರಿಂದ ಮೂಸದೆ ಕುಡಿದುಬಿಟ್ಟಿದ್ದೆ.

ಮೂಸುವಂತೆ ಮಾಡಿದವಳು ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ನಾನೀಗ ಮಲ್ಲಿಪಟ್ಟಣದ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಕಳೆದ ಮಳೆಗಾಲದಲ್ಲಿ ಪ್ರಯೋಗ ಮಾಡಿಸುತ್ತಿದ್ದಾಗ ಬೆನ್ನ ಹಿಂದೆ ಸಣ್ಣಗೆ ಟಿಕ್ ಎಂದಿತು. ನಾನು ತಿರುಗುವ ಮೊದಲೇ ಅವಳು ಹೇಳಿಯಾಗಿತ್ತು: "ನಾನೇ ಸಾ ಒಡ್ದಿದ್ದು. ಕೈ ಒದ್ದೆ ಇತ್ತು." ಪಾದರಸದ ಮಣಿಗಳು ಬೆಂಚಿನ ಕೆಳಗೆ ಉರುಳುತ್ತಿದ್ದವು. ಎಲ್ಲರನ್ನೂ ಹೊರಗೆ ಕಳಿಸಿ, ಕಿಟಕಿಗಳನ್ನು ತೆರೆದು, ಎರಡು ರಟ್ಟಿನ ಚೂರು ಹಿಡಿದು ಮೊಣಕಾಲೂರಿ ಅವನ್ನು ಒಟ್ಟುಮಾಡಿದೆ. ಆಮೇಲೆ ಅವಳನ್ನು ಕರೆದು ಕೇಳಿದೆ: "ಯಾಕೆ ತಕ್ಷಣ ಹೇಳಿಬಿಟ್ಟೆ? ಯಾರೂ ನೋಡಿರಲಿಲ್ಲವಲ್ಲ." ಪ್ರಶ್ನೆಯೊಳಗೆ ಏನೋ ಬಲೆ ಇದೆಯೆಂಬಂತೆ ನನ್ನನ್ನು ದಿಟ್ಟಿಸಿ, "ಒಡ್ದಿದ್ದು ನಾನೇ ಅಲ್ವಾ ಸಾ?" ಎಂದಳು.

ರೀತಮ್ಮನದು ಶಾಂತಿಗ್ರಾಮದಲ್ಲಿ ಬಸ್ಸಿಳಿದು ಒಳಗೆ ನಡೆದರೆ ಸಿಗುವ ಊರು. ಹೆಸರು ಬರೆಯುವುದಿಲ್ಲ. ಆ ಊರಿನ ಒಬ್ಬರ ಹೆಸರನ್ನು ಒಮ್ಮೆ ಬರೆದದ್ದೇ ಸಾಕು. ರೀತಮ್ಮ ಎಂಬುದೂ ಆಕೆಯ ನಿಜವಾದ ಹೆಸರಲ್ಲ. ಹಾಸನದಲ್ಲಿ ಬಿಎಸ್‌ಸಿ ಮುಗಿಸಿ ನಾನು ಹೊಳೆನರಸೀಪುರದ ಮನೆಯಲ್ಲಿ ಕೂತಿದ್ದ ವರ್ಷ. ಆ ಊರಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವರು ಬೈಕಿನಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ಅವರು ಎದ್ದು ಓಡಾಡುವವರೆಗೆ ಒಬ್ಬರು ಬೇಕಿತ್ತು. ಡೈರಿಯ ಅಧ್ಯಕ್ಷ ಪುಟ್ಟಸ್ವಾಮಿಗೌಡರು ನನ್ನ ಹೆಸರು ಕೇಳಿದರು, ಆಮೇಲೆ ಊರು ಕೇಳಿದರು, ಆಮೇಲೆ ಊರಿನಲ್ಲಿ ಯಾವ ಬೀದಿ ಎಂದು ಕೇಳಿದರು. ಬೀದಿ ಹೇಳಿದೆ. ಕಿವಿ ಕೆರೆದುಕೊಂಡರು. "ಓದ್ಕಂಡಿರೋ ಹುಡುಗ. ಇರ್ಲಿ ಬುಡಿ" ಎಂದರು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಆ ಮಾತು ಯಾರಿಗೆ ಹೇಳಿದ್ದೋ ತಿಳಿಯಲಿಲ್ಲ.

ನಮ್ಮಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡವರು. ನಮ್ಮ ಮನೆಯಲ್ಲಿ ಬುದ್ಧನ ಪಟ, ಬೆಳಿಗ್ಗೆ ಪಂಚಶೀಲ. ಮೊದಲ ವಾರ ಮೇಲಿನ ಬೀದಿಯ ಹೆಂಗಸರು ಕ್ಯಾನನ್ನು ನನ್ನ ಕೈಗೆ ಕೊಡದೆ, "ನೀವ್ಯಾಕೆ ಸಾ, ನಾವೇ ಉಯ್ತೀವಿ ಬುಡಿ" ಎಂದು ತಾವೇ ಹಾಲು ಸುರಿಯುತ್ತಿದ್ದರು. ಅದು ಮರ್ಯಾದೆಯೋ ಮೈಲಿಗೆಯೋ ಎಂದು ದಿನವೂ ತೂಗಿ ನೋಡುತ್ತಿದ್ದೆ. ಅವರು ನನ್ನ ಕೈ ನೋಡುತ್ತಿದ್ದರು, ನಾನು ಅವರ ಹಾಲು ನೋಡುತ್ತಿದ್ದೆ. ಹೀಗೆ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಅನುಮಾನವಿದ್ದ ಜಾಗದಲ್ಲಿ, ಜೂನಿನ ಒಂದು ಸಿಡಿಲಿಗೆ ಹಾಲು ಪರೀಕ್ಷೆಯ ಮಿಷನ್ನು ಸುಟ್ಟು ಹೋಯಿತು. ರಿಪೇರಿಗೆ ಹೋದದ್ದು ಮಳೆಗಾಲ ಮುಗಿಯುವವರೆಗೂ ಬರಲಿಲ್ಲ.

ಹಳೆಯ ಬೀರು ತೆಗೆದೆವು. ಅದರಲ್ಲಿ ಒಂದು ಲ್ಯಾಕ್ಟೋಮೀಟರು ಇತ್ತು: ಹಾಲಿನಲ್ಲಿ ಬಿಟ್ಟರೆ ತೇಲುವ ಗಾಜಿನ ಕಡ್ಡಿ. ಹಾಲು ಗಟ್ಟಿಯಿದ್ದರೆ ಮೇಲೆ ನಿಲ್ಲುತ್ತದೆ, ನೀರು ಸೇರಿದ್ದರೆ ಕುಸಿಯುತ್ತದೆ. ಇಪ್ಪತ್ತಾರರ ಗೆರೆ ಮುಟ್ಟಬೇಕು. ಜೊತೆಗೊಂದು ಥರ್ಮಾಮೀಟರು. ಅದು ಯಾಕೆಂದರೆ, ಆಗತಾನೆ ಕರೆದ ಬಿಸಿ ಹಾಲಿನಲ್ಲಿ ಕಡ್ಡಿ ಕುಸಿಯುತ್ತದೆ. ನೀರು ಹಾಕದಿದ್ದರೂ ಹಾಕಿದಂತೆ ತೋರಿಸುತ್ತದೆ. ಹಾಲು ಎಷ್ಟು ಬಿಸಿಯಿದೆಯೋ ನೋಡಿ, ಅದಕ್ಕೆ ತಕ್ಕಷ್ಟನ್ನು ಕಡ್ಡಿಯ ಅಂಕಿಗೆ ಕೂಡಿಸಿಕೊಳ್ಳಬೇಕು. ಎಷ್ಟು ಬಿಸಿಗೆ ಎಷ್ಟು ಎಂಬ ಪಟ್ಟಿಯನ್ನು ಬೀರುವಿನ ಬಾಗಿಲ ಒಳಮೈಗೆ ಯಾರೋ ಅಂಟಿಸಿದ್ದರು. ಇದು ನನಗೆ ಗೊತ್ತಿತ್ತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನನಗೆ ಗೊತ್ತಿರಲಿಲ್ಲ ಎಂದು ಬರೆಯುವ ಆಸೆಯಾದೀತು.

ಕಡ್ಡಿ ಬಂದ ಮೇಲೆ ಅಧ್ಯಕ್ಷರಿಗೆ ಬೋರ್ಡು ಬೇಕೆನಿಸಿತು. "ಏನೇನ್ ಆಕ್‌ಬಾರ್ದು ಅಂತ ದಪ್ಪಕ್ಷರದಲ್ಲಿ ಬರೀರಿ. ನಾಳೆ ನಂಗೊತ್ತಿರ್ಲಿಲ್ಲ ಅಂತ ಯಾವನೂ ಅನ್‌ಬಾರ್ದು." ಕರಿ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದೆ. ಹಾಲಿಗೆ ನೀರು ಬೆರೆಸಬಾರದು. ಸಕ್ಕರೆ ಬೆರೆಸಬಾರದು. ಉಪ್ಪು ಬೆರೆಸಬಾರದು. ಹಿಂದಿನ ದಿನದ ಹಾಲು ಸೇರಿಸಬಾರದು. ಎಂಟು ಸಾಲು ಇದ್ದವೋ ಹತ್ತೋ. ಹತ್ತು ಎನ್ನಲು ಆಸೆಯಾಗುತ್ತಿದೆ, ಅದಕ್ಕೇ ಅನುಮಾನ.

ಬೋರ್ಡು ನೇತುಹಾಕಿದ ಬೆಳಿಗ್ಗೆ ಕೆರೆಯಾಚೆಯ ಮರಿಯಣ್ಣ ಕ್ಯಾನು ಇಳಿಸಿ ಒಂದೊಂದೇ ಸಾಲು ಗಟ್ಟಿಯಾಗಿ ಓದಿದ. "ಲೇ, ಸಕ್ರೆನೂ ಆಕ್ತಾರೇನ್ಲಾ ಆಲಿಗೆ?" ಎಂದು ಪಕ್ಕದವನನ್ನು ಕೇಳಿದ. ಆಮೇಲೆ ನನ್ನ ಕಡೆ ತಿರುಗಿ, "ಆಕುದ್ರೆ ಏನಾಯ್ತದೆ ಸಾ?" ಎಂದ.

ನಾನು ವಿಜ್ಞಾನ ಓದಿದವನು. ಯಾರಾದರೂ ಕೇಳುವುದನ್ನೇ ಕಾಯುತ್ತಿದ್ದೆ. ನೀರು ಹಾಕಿದ ಹಾಲಿಗೆ ಸಕ್ಕರೆ ಕರಗಿಸಿದರೆ ಹಾಲು ಮತ್ತೆ ಭಾರವಾಗುತ್ತದೆ, ಕಡ್ಡಿ ಮೇಲೆ ಬರುತ್ತದೆ ಎಂದು ಲೋಟ ಇಟ್ಟುಕೊಂಡು ವಿವರಿಸಿದೆ. ಏಳೆಂಟು ಜನ ಸುತ್ತ ನಿಂತು ಶ್ರದ್ಧೆಯಿಂದ ಕೇಳಿದರು. ಈಗಿನ ನನ್ನ ತರಗತಿಯ ಮಕ್ಕಳು ಕೂಡ ಅಷ್ಟು ಶ್ರದ್ಧೆಯಿಂದ ಕೇಳುವುದಿಲ್ಲ.

ಎರಡು ವಾರ ಆಗಿರಲಿಕ್ಕಿಲ್ಲ, ಡೈರಿಯ ಹಾಲು ಸಿಹಿಯಾಯಿತು.

ಅದನ್ನು ಮೊದಲು ಕಂಡುಹಿಡಿದವರು ಇನ್ನಾಸಪ್ಪ. ಆ ಊರಿನಲ್ಲಿ ಒಂದು ಬೀದಿ ಕ್ರೈಸ್ತರದು. ಅಣೆಕಟ್ಟಿನ ಹಿನ್ನೀರು ಏರಿದ ಕಾಲದಲ್ಲಿ ಶೆಟ್ಟಿಹಳ್ಳಿಯ ಕಡೆಯಿಂದ ಎದ್ದು ಬಂದ ಮನೆಗಳು, ನಡುವೆ ಒಂದು ಚಿಕ್ಕ ಚರ್ಚು. ಗುರುಗಳು ಭಾನುವಾರ ಮಾತ್ರ ಬರುತ್ತಿದ್ದರು. ಉಳಿದ ದಿನ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಧರ್ಮಪಾಠ ಹೇಳುವುದು ಇನ್ನಾಸಪ್ಪನವರ ಕೆಲಸ. ಊರವರೆಲ್ಲ ಉಪದೇಶಿ ಎನ್ನುತ್ತಿದ್ದರು. ಅರವತ್ತು ದಾಟಿತ್ತು, ಒಂದು ಎಮ್ಮೆ ಇತ್ತು. ಅಂದು ಡೈರಿಯ ಹಾಲಿನಲ್ಲಿ ನಾನು ಕಾಸಿದ ಕಾಫಿಯನ್ನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಸಕ್ರೆ ಆಕುದ್ರಾ ಸಾ?"

"ಇಲ್ಲ, ಈಗ ಹಾಕಬೇಕು."

"ಬ್ಯಾಡಿ. ಊರೋರು ಆಕವ್ರೆ." ಅವರು ನಗತೊಡಗಿದರು. ನನಗೆ ನಗು ಬರಲಿಲ್ಲ. "ಬೋರ್ಡ್ ಬರ್ಯೋಕ್ ಮುಂಚೆ ಇವ್ರಿಗೆ ಗೊತ್ತಿದ್ದುದ್ದು ನೀರೊಂದೇಯ. ನೀವು ಪಟ್ಟಿ ಕೊಟ್ರಿ."

"ಹಾಗಾದರೆ ಬೋರ್ಡು ಬರೆದದ್ದೇ ತಪ್ಪಾ?"

"ಬೋರ್ಡ್ಯಾಕೆ ತಪ್ಪು? ಬೋರ್ಡು ಒಳ್ಳೇದೇಯ. ಒಳಗಿದ್ದುದ್ದು ಎದ್ದು ಕೂತ್ಕತು, ಅಷ್ಟೇಯ. ಬ್ಯಾಡ ಅನ್ನೋಗಂಟ ಮನಗಿರ್ತದೆ. ಬ್ಯಾಡ ಅಂದೇಟ್ಗೆ ಕಣ್ ಬುಡ್ತದೆ. ನಮ್ ಹತ್ತು ಕಟ್ಟಳೆ ಅವಲ್ಲ, ಅವೂ ಅಂಗೇಯ. ನೆರೆಯೋನ ಬದುಕಿಗೆ ಆಸೆ ಪಡಬ್ಯಾಡ ಅಂತ ಮಕ್ಳಿಗೆ ಹೇಳ್ಕೊಡ್ತೀನಿ. ಅಲ್ಲೀಗಂಟ ಒಂದು ಮಗೂನೂ ಪಕ್ಕದ ಮನೆ ಸೈಕಲ್ ಕಡೀಕೆ ತಿರುಗಿ ನೋಡಿರಾಕಿಲ್ಲ. ಚರ್ಚಿಂದ ಈಚೆ ಬಂದೇಟ್ಗೆ ಎಲ್ಲವೂ ನೋಡ್ತವೆ."

"ಮತ್ತೆ ಯಾಕೆ ಹೇಳಿಕೊಡುತ್ತೀರಿ?"

ಅವರು ಮೇಜಿನ ಮೇಲಿದ್ದ ಗಾಜಿನ ಕಡ್ಡಿಯನ್ನು ಎತ್ತಿ ಬೆಳಕಿಗೆ ಹಿಡಿದರು. "ಈ ಕಡ್ಡಿ ಆಲಲ್ಲಿ ನೀರದೆ ಅಂತ ತೋರುಸ್ತದೆ. ನೀರ ತೆಗೀತದಾ?"

"ಇಲ್ಲ."

"ಕಟ್ಟಳೆನೂ ತೆಗ್ಯಾಕಿಲ್ಲ. ನೀನು ಇಂಗಿದ್ದೀಯ ಕಣಪ್ಪ ಅಂತ ತೋರುಸ್ತದೆ. ತೆಗ್ಯೋಕೆ ಬ್ಯಾರೇವ್ನೇ ಬರ್ಬೇಕು. ನಾನೇ ತೆಕ್ಕತೀನಿ ಅನ್ನೋನು ಸಕ್ರೆ ಆಕ್ತಾನೆ."

ನಾನಾಗ, "ನಿಮ್ಮ ಕಟ್ಟಳೆಗೆ ಥರ್ಮಾಮೀಟರು ಬೇಡವೇ? ಹಾಲು ಬಿಸಿಯಿದೆಯೋ ತಣ್ಣಗಿದೆಯೋ ನೋಡದೆ ಅಳೆಯುತ್ತದೆಯೇ?" ಎಂದು ಕೇಳಿದ್ದೆ ಎಂದು ನೆನಪು. ಇದು ಸುಳ್ಳಿರಬೇಕು. ಇಪ್ಪತ್ತಮೂರರ ವಯಸ್ಸಿನಲ್ಲಿ ನಾನು ಇಷ್ಟು ಚುರುಕಾಗಿ ಮಾತಾಡುತ್ತಿರಲಿಲ್ಲ. ಆಮೇಲೆ ಎಷ್ಟೋ ಸಲ ಮನಸ್ಸಿನಲ್ಲೇ ಅವರ ಜೊತೆ ವಾದ ಮಾಡಿದ್ದೇನೆ, ಅದರಲ್ಲಿ ಯಾವುದೋ ಒಂದು ಸಲ ಹೊಳೆದದ್ದು ಆ ದಿನಕ್ಕೆ ಹೋಗಿ ಅಂಟಿಕೊಂಡಿದೆ. ಅವರು ಕೇಳಿದ್ದು ಮಾತ್ರ ಖಂಡಿತ ನಿಜ, ಯಾಕೆಂದರೆ ಅದು ನನಗೆ ಹಿಡಿಸಿರಲಿಲ್ಲ.

"ನಿಮ್ಮದ್ರಲ್ಲಿ ಎಷ್ಟು ಸಾ?"

"ಐದು ಶೀಲ."

"ಐದೇನಾ! ಅರ್ಧಕ್ಕರ್ಧ ಸಲೀಸು ಬುಡಿ."

"ಅವು ಅಪ್ಪಣೆಗಳಲ್ಲ ಉಪದೇಶಿಗಳೇ. ಹೀಗೆ ನಡೆಯುತ್ತೇನೆ ಅಂತ ನಾವೇ ಒಪ್ಪಿಕೊಳ್ಳುವುದು."

"ಒಪ್ಕಂಡ್ ಮುರ್ಯೋದು ಇನ್ನೂ ಕಷ್ಟ. ಸುಳ್ ಯೋಳ್ಬಾರ್ದು ಅನ್ನೋದು ಅದೆಯಾ ಅದ್ರಲ್ಲಿ?"

"ಇದೆ. ನಾಲ್ಕನೆಯದು."

"ಅದೊಂದು ಎಲ್ಲಾರ್ಗೂ ಕಷ್ಟವೇಯ" ಎಂದು ಎದ್ದರು. ಇವರು ನನ್ನನ್ನು ತಮ್ಮ ಕಡೆ ಸೆಳೆಯಲು ನೋಡುತ್ತಿದ್ದಾರೆಯೇ, ಇಲ್ಲ ನನ್ನ ಬಗ್ಗೆ ಏನಾದರೂ ಗೊತ್ತಿದೆಯೇ ಎಂದು ಆಗಲೂ ಅನುಮಾನ ಬಂತು. ಆಗ ಗೊತ್ತಾಗಲು ಏನಾದರೂ ಇತ್ತೇ? ಥರ್ಮಾಮೀಟರು ಅಷ್ಟರಲ್ಲಿ ಒಡೆದಿತ್ತೇ? ಅಲ್ಲಿಗೇ ಬಂದು ನಿಲ್ಲುತ್ತೇನೆ.

ಸಿಹಿ ಹಾಲಿನ ಸುದ್ದಿ ಕೇಳಿ ಅಧ್ಯಕ್ಷರು ಕೆಂಡವಾದರು. ಯಾರು ಎಂದು ಗೊತ್ತಾಗದ್ದರಿಂದ ಎಲ್ಲರಿಗೂ ಸೇರಿ ಹೊಸ ಕಟ್ಟಳೆ ಬಂತು. ಮೂರು ದಿನ ಎಡೆಬಿಡದೆ ಇಪ್ಪತ್ತಾರರ ಗೆರೆ ಮುಟ್ಟದವರ ಹೆಸರನ್ನು ಬೋರ್ಡಿನ ಕೆಳಗೆ ಸೀಮೆಸುಣ್ಣದಲ್ಲಿ ಬರೆಯುವುದು. "ಎಲ್ಲಾರ್ ಎದುರ್ಗೂ ನಿಂತು ತಪ್ಪಾಯ್ತು ಅಂದ್ರೆ ಒರಸ್ಬುಡಿ. ಇಲ್ದಿದ್ರೆ ಒಂದು ತಿಂಗ್ಳು ಇರ್ಲಿ. ಓಗೋ ಬರೋರೆಲ್ಲ ನೋಡ್ಲಿ." ಸಕ್ಕರೆ ಹಾಕುವವರ ಹಾಲು ಗೆರೆ ದಾಟಿಯೇ ನಿಲ್ಲುತ್ತಿತ್ತು. ಕಟ್ಟಳೆಗೆ ಸಿಕ್ಕಬಹುದಾದವರು ಆ ಉಪಾಯ ತಿಳಿಯದವರು ಮಾತ್ರ.

ರೀತಮ್ಮನ ಮನೆ ಡೈರಿಯ ಗೋಡೆಗೆ ಎದುರು. ಗಂಡ ತೀರಿಹೋಗಿದ್ದರು, ಒಂದು ಹಸು, ಒಬ್ಬಳು ಮಗಳು ಸ್ಟೆಲ್ಲಾ. ಸಂಜೆಯ ಹಾಲನ್ನು ಮನೆಗೆ ಇಟ್ಟುಕೊಂಡು ಬೆಳಗಿನದನ್ನು ಮಾತ್ರ ಡೈರಿಗೆ ತರುತ್ತಿದ್ದಳು. ಆರು ಗಂಟೆಗೆ ಹಾಲು ತರಬೇಕೆಂಬುದು ಬೋರ್ಡಿನ ಒಂದು ಸಾಲು. ಆ ಸಾಲನ್ನು ನಿಜವೆಂದು ನಂಬಿದವಳು ಊರಲ್ಲಿ ಆಕೆಯೊಬ್ಬಳೇ. ಉಳಿದವರು ಕೆರೆಯಾಚೆಯಿಂದ, ಮೇಲಿನ ಬೀದಿಯಿಂದ ಮಾತಾಡುತ್ತ ಮಳೆಯಲ್ಲಿ ನಿಧಾನವಾಗಿ ಬರುವಷ್ಟರಲ್ಲಿ ಹಾಲು ತಣ್ಣಗಾಗಿರುತ್ತಿತ್ತು. ಆಕೆ ನಾನು ಬಾಗಿಲು ಎತ್ತುವ ಮೊದಲೇ ಗೋಣಿಕೊಪ್ಪೆ ಹೊದ್ದು ನಿಂತಿರುತ್ತಿದ್ದಳು. ಕ್ಯಾನನ್ನು ನನ್ನ ಕೈಗೇ ಕೊಡುತ್ತಿದ್ದಳು. ಹಸುವಿನ ಮೈ ಬಿಸಿ ಇನ್ನೂ ಇರುತ್ತಿತ್ತು ಅದರಲ್ಲಿ. ಆ ಥಂಡಿಯಲ್ಲಿ ಅಳೆಯುವ ಮೊದಲು ಎರಡು ಕೈಯಲ್ಲೂ ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ. ಅದೊಂದು ಸುಖ. ಹಾಲು ಬಿಸಿಯಿದೆ ಎಂಬುದು ನನ್ನ ಕೈಗೆ ಗೊತ್ತಿತ್ತು.

ಸ್ಟೆಲ್ಲಾಳಿಗೆ ಚನ್ನರಾಯಪಟ್ಟಣದ ಒಂದು ಮನೆಗೆ ಮದುವೆ ಗೊತ್ತಾಗಿತ್ತು. ಅವರಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಹುಡುಗ ಹುಡುಗಿಯ ಹೆಸರು ಓದುತ್ತಾರೆ. ಅಡ್ಡಿ ಏನಾದರೂ ಗೊತ್ತಿದ್ದವರು ಎದ್ದು ಹೇಳಬೇಕು. ಎರಡು ಭಾನುವಾರ ಓದಿಯಾಗಿತ್ತು. ಸಂಬಂಧ ಕುದುರಿಸಿದವರು ಹುಡುಗನ ಸೋದರಮಾವ. ಪ್ರತಿ ಶನಿವಾರ ಗೂಡ್ಸ್ ಆಟೋದಲ್ಲಿ ನಮ್ಮ ಡೈರಿಗೆ ಹಿಂಡಿ, ಬೂಸ ತರುತ್ತಿದ್ದವರೂ ಅವರೇ. ಮೂಟೆ ಹೊಲಿದ ದಾರವನ್ನು ಕೂಡ ಎರಡು ಸಲ ಎಳೆದು ನೋಡುವ ಮನುಷ್ಯ.

ಆ ವಾರ ಮಂಗಳವಾರ ರೀತಮ್ಮನ ಹಾಲಿನಲ್ಲಿ ಕಡ್ಡಿ ಇಪ್ಪತ್ತೈದಕ್ಕೆ ನಿಂತಿತು. "ಇನ್ನೊಂದ್ಸಲ ಬುಟ್ ನೋಡಿ ಸಾ" ಎಂದಳು. ಬಿಟ್ಟೆ. ಇಪ್ಪತ್ತೈದೇ. ಬುಧವಾರವೂ ಹಾಗೆಯೇ. ಗುರುವಾರವೂ. ಹಿಂದಿನ ವಾರಗಳಲ್ಲಿ ಆಕೆಯ ಹಾಲು ತಪ್ಪದೆ ಗೆರೆ ದಾಟುತ್ತಿತ್ತು. ಹಾಗಾದರೆ ಆ ವಾರ ಬದಲಾದದ್ದು ಹಾಲೋ, ಅಳತೆಯೋ? ಪುಸ್ತಕದಲ್ಲಿ ಕೊನೆಯ ಅಂಕಿ ಮಾತ್ರ ಬರೆಯುತ್ತಿದ್ದೆ. ಹಾಲು ಎಷ್ಟು ಬಿಸಿಯಿತ್ತು, ಬಿಸಿಗೆಂದು ಏನಾದರೂ ಕೂಡಿಸಿದೆನೋ ಇಲ್ಲವೋ ಎಂದು ಬರೆಯಲು ಅದರಲ್ಲಿ ಜಾಗ ಇರಲಿಲ್ಲ.

ಗುರುವಾರ ಸೀಮೆಸುಣ್ಣ ತೆಗೆದುಕೊಂಡೆ. ಆಕೆ ಪಕ್ಕದಲ್ಲೇ ನಿಂತಿದ್ದಳು. ಮೊದಲ ಅಕ್ಷರ ಬರೆಯುವಾಗ ಮೆಲ್ಲಗೆ, "ಇನಿಷಿಯಲ್ ಆಕ್‌ಬ್ಯಾಡಿ ಸಾ. ಅದು ನಮ್ ಯಜಮಾನ್ರುದು" ಎಂದಳು. ಹಾಕಲಿಲ್ಲ.

ಈಗ ಗಾಜಿನ ವಿಚಾರ. ಅದು ಒಂದು ಮುಂಜಾನೆ, ತೊಳೆಯುವಾಗ. ಒದ್ದೆ ಕೈ, ಸ್ಟೀಲಿನ ತಟ್ಟೆಯ ಅಂಚು. ಪಾದರಸ ಮಣಿ ಮಣಿಯಾಗಿ ನೆಲದ ಮೇಲೆ ಓಡಿತು. ಹೊಸ ಥರ್ಮಾಮೀಟರು ಬೇಕೆಂದರೆ ಅಧ್ಯಕ್ಷರಿಗೆ ಹೇಳಬೇಕು, ಒಡೆದವನು ನಾನು ಎಂದು ಒಪ್ಪಿಕೊಳ್ಳಬೇಕು. "ಅದ್ಕೇ ಅವತ್ತೇ ಬೀದಿ ಕೇಳಿದ್ದು" ಎಂದು ಅವರು ಬೇರೆ ಯಾರಿಗಾದರೂ ಹೇಳುವುದು ನನ್ನ ಕಿವಿಗೆ ಆಗಲೇ ಕೇಳಿಸಿತು. ಅವರು ಹಾಗೆ ಅನ್ನುತ್ತಿದ್ದರೋ ಇಲ್ಲವೋ. ಗುಡಿಸಿ ಹಿತ್ತಿಲ ಗುಂಡಿಗೆ ಹಾಕಿ, ಥರ್ಮಾಮೀಟರಿನ ಖಾಲಿ ಡಬ್ಬಿಯನ್ನು ಬೀರುವಿನಲ್ಲಿ ಇದ್ದ ಜಾಗಕ್ಕೇ ಇಟ್ಟೆ. ಬಾಗಿಲು ಮುಚ್ಚಿದಾಗ ಒಳಮೈಯ ಪಟ್ಟಿಯೂ ಮರೆಯಾಯಿತು. ಆಮೇಲಿನ ದಿನಗಳಲ್ಲಿ ಕಡ್ಡಿ ತೋರಿಸಿದ್ದನ್ನೇ ಬರೆದೆ.

ಅದಾದ ಮೇಲೆ ಒಂದು ದಿನ, ಅಥವಾ ಅದೇ ದಿನವೇ, ರೀತಮ್ಮ ಕ್ಯಾನು ಹಿಡಿದು ಒಳಗೆ ಬರುತ್ತ ನೆಲ ನೋಡಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಬರಿಗಾಲಲ್ಲಿ ಓಡಾಡ್‌ಬ್ಯಾಡಿ ಸಾ, ಗಾಜದೆ." ಅದರ ದನಿ ನೆನಪಿದೆ, ಅಂದಿನ ಮಳೆಯ ಸದ್ದು ನೆನಪಿದೆ. ಆಗ ಆಕೆಯ ಹಿಂದೆ ಬೋರ್ಡಿನ ಕೆಳಭಾಗದಲ್ಲಿ ಹೆಸರಿತ್ತೋ ಖಾಲಿಯಿತ್ತೋ ಎಂದು ನೋಡಲು ಎಷ್ಟು ಸಲ ಕಣ್ಣು ಮುಚ್ಚಿದ್ದೇನೆ. ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ.

ಗುರುವಾರ ಸಂಜೆ ಇನ್ನಾಸಪ್ಪ ಬಂದರು. ಹೆಸರಿನ ಮುಂದೆ ಬಹಳ ಹೊತ್ತು ನಿಂತು ಆಮೇಲೆ ನನ್ನ ಕಡೆ ತಿರುಗಿದರು. "ನಾಡಿದ್ದು ಆಟೋ ಬತ್ತದೆ ಸಾ. ಆವಯ್ಯ ಇದ ನೋಡುದ್ರೆ ಆ ಮಗೀನ್ ಮದ್ವೆ ನಿಂತೋಯ್ತದೆ. ಕಡ್ಡಿ ಸರ್ಯಾಗದಾ?"

"ಸರಿಯಿದೆ."

"ಎಲ್ಲಾ ಸರ್ಯಾಗದಾ?"

"ಎಲ್ಲಾ."

ಆ ಹೊತ್ತಿಗೆ ಥರ್ಮಾಮೀಟರು ಇನ್ನೂ ಇದ್ದಿದ್ದರೆ ಇದು ನಿಜವಾದ ಉತ್ತರ. ಆದರೆ ಅದನ್ನು ಹೇಳುವಾಗ ಕಿವಿ ಬಿಸಿಯಾಗಿದ್ದು ನೆನಪಿದೆ. ನಿಜ ಹೇಳುವವನ ಕಿವಿ ಯಾಕೆ ಬಿಸಿಯಾಗುತ್ತದೆ? ಅಥವಾ ಆ ಬಿಸಿಯನ್ನೂ ಆಮೇಲೆ ನಾನೇ ತಂದು ಸೇರಿಸಿದೆನೋ.

ಶುಕ್ರವಾರ ಬೆಳಿಗ್ಗೆ ತಗಡಿನ ಸೂರಿನ ಕೆಳಗೆ ಹತ್ತು ಹದಿನೈದು ಜನ ಸೇರುವವರೆಗೆ ರೀತಮ್ಮ ಕಾದಳು. ಅಂದು ಮೊದಲ ಸಲ ಆಕೆ ಕೊನೆಗೆ ನಿಂತದ್ದು. ಕ್ಯಾನನ್ನು ಕೆಳಗಿಟ್ಟು, ಸೆರಗನ್ನು ತಲೆಗೆ ಹೊದ್ದು, ಚರ್ಚಿನಲ್ಲಿ ನಿಲ್ಲುವ ಹಾಗೆ ನಿಂತಳು.

"ಆಕಿದ್ದೆ. ನೀರು ಆಕಿದ್ದೆ. ತಪ್ಪಾಯ್ತು. ಒರಸ್ಬುಡಿ ಸಾ."

ಮಳೆ ತಗಡಿನ ಮೇಲೆ ಬೀಳುತ್ತಿತ್ತು. ಮರಿಯಣ್ಣನಿಗೆ ತಡೆಯಲಾಗಲಿಲ್ಲ. "ಎಷ್ಟು ಚೊಂಬು ಆಕ್ತಿದ್ದೆ ರೀತಮ್ಮ?"

ಆಕೆ ಅವನ ಕಡೆ ತಿರುಗಲೂ ಇಲ್ಲ. "ನೀನೆಷ್ಟು ಚಮ್ಚ ಸಕ್ರೆ ಆಕ್ತೀಯೋ ಅಷ್ಟೇಯ ಕಣಪ್ಪ."

ನಗಲು ಬಾಯಿ ತೆರೆದವರು ಮುಚ್ಚಿಕೊಂಡರು. ಒಬ್ಬೊಬ್ಬರೂ ತಮ್ಮ ತಮ್ಮ ಕ್ಯಾನು ನೋಡಿಕೊಂಡರು. ನಾನು ಒದ್ದೆ ಬಟ್ಟೆಯಿಂದ ಹೆಸರು ಒರೆಸಿದೆ. ಹಲಗೆ ಆರಿದಾಗ ಅಕ್ಷರಗಳು ಬೂದಿಯ ಬಣ್ಣದಲ್ಲಿ ಮತ್ತೆ ಕಂಡವು. ಮತ್ತೆ ಒರೆಸಿದೆ. ಮೂರು ಸಲ ಒರೆಸಿದ್ದು ನೆನಪಿದೆ, ಯಾಕೆಂದರೆ ಮೂರನೆಯ ಸಲ ಇನ್ನಾಸಪ್ಪ ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು.

ಆಕೆ ಒಪ್ಪಿಕೊಂಡದ್ದನ್ನು ನಾನು ನಂಬಿದೆನೇ? ಹೆಸರು ಒರೆಸಬೇಕಾದರೆ ಒಪ್ಪಿಕೊಳ್ಳಲೇಬೇಕೆಂಬುದು ಕಟ್ಟಳೆ. ಮಾರನೆಯ ದಿನ ಆಟೋ ಬರುವುದಿತ್ತು. ನೀರು ಹಾಕಿದವಳೂ ಅದೇ ಮಾತು ಹೇಳುತ್ತಿದ್ದಳು, ಹಾಕದವಳೂ ಅದೇ ಮಾತು ಹೇಳುತ್ತಿದ್ದಳು. ಇಬ್ಬರನ್ನೂ ಬೇರೆ ಮಾಡಿ ತೋರಿಸುವ ಕಡ್ಡಿ ನನ್ನ ಹತ್ತಿರ ಇರಲಿಲ್ಲ.

ಇಷ್ಟು ಮಾತ್ರ ಖಚಿತ, ಪುಸ್ತಕದಲ್ಲೂ ಇತ್ತು. ಶನಿವಾರದಿಂದ ಆಕೆಯ ಹಾಲು ಗೆರೆ ದಾಟಿತು. "ಒಪ್ಕಂಡ್ ಮ್ಯಾಲೆ ಆಲು ಗಟ್ಟಿಯಾಯ್ತು ನೋಡಿ" ಎಂದು ಅಧ್ಯಕ್ಷರು ತಮ್ಮ ಬೋರ್ಡನ್ನೇ ಹೊಗಳಿಕೊಂಡರು. ಪುಸ್ತಕದಲ್ಲಿ ಇಲ್ಲದ್ದು ಏನೆಂದರೆ, ಶನಿವಾರದಿಂದ ನಾನು ಆಕೆಗೆ, "ಸ್ವಲ್ಪ ಹೊತ್ತು ಅಲ್ಲಿ ಇಟ್ಟಿರಿ ಅಮ್ಮ, ನೊರೆ ಇಳಿಯಲಿ" ಎಂದು ಹೇಳಿ, ಎಲ್ಲರದೂ ಆದ ಮೇಲೆ ತಣ್ಣಗಾದ ಹಾಲನ್ನು ಅಳೆಯುತ್ತಿದ್ದೆ. ಯಾಕೆ ಹಾಗೆ ಹೇಳಿದೆ? ಏನೂ ತಿಳಿಯದವನು ಹಾಗೆ ಹೇಳುವುದಿಲ್ಲ.

ಶನಿವಾರ ಸೋದರಮಾವ ಮೂಟೆ ಇಳಿಸಿ ಬೋರ್ಡಿನ ಮುಂದೆ ನಿಂತರು. ಸಾಲು ಸಾಲು ಓದಿದರು. ಕೆಳಗೆ ಬಂದು, ಒರೆಸಿದ ಜಾಗದ ಮೇಲೆ ಬೆರಳಾಡಿಸಿ, ಬೆರಳ ತುದಿ ನೋಡಿಕೊಂಡರು. "ಇಲ್ಲೇನೋ ಬರ್ದಿದ್ರಲ್ಲ?"

"ರಜೆಯ ದಿನ ಬರೆದಿದ್ದೆ" ಎಂದೆ.

ಅವರು ನನ್ನನ್ನು ನೋಡಿದರು, ಹಲಗೆಯನ್ನು ನೋಡಿದರು. "ಊಂ" ಎಂದರು. ಆಟೋ ಹೋದ ಮೇಲೂ ಆ ಊಂಕಾರ ಅಲ್ಲೇ ಇತ್ತು.

ಭಾನುವಾರ ನಾನು ಚರ್ಚಿನ ಹೊರಗೆ ಕೊಡೆ ಹಿಡಿದು ನಿಂತೆ. ಮೂರನೆಯ ಸಲ ಹೆಸರು ಓದಿದರು. ಅಡ್ಡಿ ಗೊತ್ತಿದ್ದವರು ಹೇಳಬೇಕು ಎಂದರು. ಕೊಡೆಯಿಂದ ಹನಿ ಬೀಳುವುದು ಕೇಳಿಸಿತು. ಯಾರೂ ಏಳಲಿಲ್ಲ. ಅಲ್ಲಿ ಹೇಳಬೇಕಾದ್ದು ಇದ್ದವನು ನಾನೊಬ್ಬನೇ, ನನ್ನದು ಮದುವೆಗೆ ಅಡ್ಡಿಯಾಗಿರಲಿಲ್ಲ, ಮೇಲಾಗಿ ನಾನು ಹೊರಗಿದ್ದೆ. ಎಲ್ಲ ಮುಗಿದು ಜನ ಹೊರಬರುವಾಗ ಸ್ಟೆಲ್ಲಾ ನನ್ನ ಹತ್ತಿರ ಬಂದಳು. ಅದುವರೆಗೆ ನನ್ನ ಜೊತೆ ಮಾತಾಡಿದವಳಲ್ಲ.

"ಸಾ, ಈ ವಾರ ಅವ್ವನ ಕೈ ಊದ್ಕಂಡಿತ್ತು. ಹಸ ಕರ್ದೋಳು ನಾನು."

ಅಷ್ಟು ಹೇಳಿ ಹೋದಳು. ಅವ್ವನ ತಪ್ಪಿಲ್ಲ, ನೀರು ಹಾಕಿದವಳು ನಾನು ಎಂದಳೇ? ನಾನೇ ಕರೆದದ್ದು, ಹನಿ ನೀರು ಹಾಕಿಲ್ಲ, ನಿನ್ನ ಕಡ್ಡಿಯೇ ಸುಳ್ಳು ಎಂದಳೇ? ತಾಯಿ ತನಗಾಗಿ ಸುಳ್ಳು ತಪ್ಪನ್ನು ಹೊತ್ತಳೆಂದು ತಿಳಿಸಿದಳೇ? ಅವಳ ಮುಖ ನೋಡಿದ್ದೆ. ಮುಖದಲ್ಲಿ ಸಿಟ್ಟಿತ್ತು. ಸಿಟ್ಟು ಮೂರಕ್ಕೂ ಹೊಂದುತ್ತದೆ.

ಮದುವೆ ನಡೆಯಿತು. ನನ್ನನ್ನು ಕರೆದಿದ್ದರು, ಹೋಗಲಿಲ್ಲ. ಮಳೆ ಹಿಂದಾಯಿತು, ಮಿಷನ್ನು ರಿಪೇರಿಯಾಗಿ ಬಂತು, ಸೊಂಟ ಮುರಿದವರು ಕೋಲೂರಿಕೊಂಡು ಬಂದು ಕುರ್ಚಿಯಲ್ಲಿ ಕೂತರು. ಖಾಲಿ ಡಬ್ಬಿಯನ್ನು ಯಾರೂ ತೆರೆದು ನೋಡಲಿಲ್ಲ. ಹೊರಡುವ ದಿನ ಇನ್ನಾಸಪ್ಪ ಬಸ್‌ಸ್ಟಾಪಿನ ತನಕ ಬಂದರು. ಬಸ್ಸು ಕಾಣಿಸಿದಾಗ ಹೇಳಿದರು: "ಇಪ್ಪತ್ತಾರು ದಾಟ್ದೋನ್ಗೇ ದೊಡ್ಡ ರೋಗ ಕಣ್ ಸಾ. ನಾನು ಸರಿಯಾಗಿವ್ನಿ ಅಂತ ಮನಗ್‌ಬುಡ್ತಾನೆ. ಆಯಮ್ಮನ್ದು ನೀವ್ ಒರಸುದ್ರಿ. ಒರಸ್ದೋನ್ದ ಯಾರ್ ಒರಸ್ತಾರೆ?" ಅವರಿಗೆ ಗೊತ್ತಿತ್ತು ಎಂದು ಆ ದಿನವೆಲ್ಲ ಹೆದರಿದ್ದೆ. ಆಮೇಲೆ ಯೋಚಿಸಿದರೆ, ಮೂವತ್ತು ವರ್ಷ ಮಕ್ಕಳಿಗೆ ಧರ್ಮಪಾಠ ಹೇಳಿದವರು. ಬಸ್ ಹತ್ತುವ ಯಾರಿಗೂ ಈ ಮಾತು ಹೇಳುತ್ತಿದ್ದರೇನೋ. ಎಲ್ಲರಿಗೂ ಹೊಂದುವ ಮಾತು. ಅದೇ ಅವರ ವಾದವೂ ಆಗಿತ್ತಲ್ಲ. ಈಗ ಅವರಿಲ್ಲ, ಕೇಳುವಂತಿಲ್ಲ.

ಹುಡುಗಿ ಥರ್ಮಾಮೀಟರು ಒಡೆದ ತಿಂಗಳಲ್ಲೇ ಒಂದು ರಜೆಯ ದಿನ ಚನ್ನರಾಯಪಟ್ಟಣಕ್ಕೆ ಹೋದೆ. ಅಲ್ಲಿಗೆ ಹೋದದ್ದು ಪಶ್ಚಾತ್ತಾಪದಿಂದ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನಿಜವಾಗಿ ಹೋದದ್ದು ಆ ಗಾಜಿನ ಮಾತು ಯಾವ ದಿನದ್ದು ಎಂದು ಕೇಳಿಕೊಂಡು ಬರಲು. ಹೆಸರು ಬರೆದ ನಂತರ ಎಂದು ರೀತಮ್ಮ ಹೇಳಿದರೆ ಸಾಕು, ನಿಶ್ಚಿಂತನಾಗಿ ಬಸ್ ಹತ್ತುತ್ತಿದ್ದೆ. ಸ್ಟೆಲ್ಲಾಳ ಮನೆಯ ಹಿಂದೆ ಮೂರು ಹಸು ಕಟ್ಟಿದ್ದರು. ರೀತಮ್ಮ ಈಗ ಮಗಳ ಜೊತೆಗೇ ಇದ್ದಾಳೆ. ಜಗಲಿಯ ಮೇಲೆ ಕೂತು ಮೊರದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದವಳು ಗುರುತು ಹಿಡಿದು, "ಬನ್ನಿ ಸಾ, ಕೂತ್ಕಳಿ. ಮುದುಕ್ರಾಗ್‌ಬುಟ್ರಲ್ಲ ನೀವೂವೆ" ಎಂದು ನಕ್ಕಳು. ಒಳಗಿನಿಂದ ಸ್ಟೆಲ್ಲಾ ಕಾಫಿ ತಂದಿಟ್ಟು, ನನ್ನನ್ನೊಮ್ಮೆ ನೋಡಿ ಹಸುಗಳ ಕಡೆ ಹೋದಳು.

ಕೇಳಲು ಬಂದವನು ಕೇಳುವ ಮೊದಲು ಬೇರೆಯದನ್ನೇ ಹೇಳಿದೆ. "ಅಮ್ಮ, ಆ ವರ್ಷ ಡೈರಿಯ ಥರ್ಮಾಮೀಟರು ಒಡೆದೆ. ಯಾರಿಗೂ ಹೇಳಲಿಲ್ಲ. ಅದಿಲ್ಲದೆ ಅಳೆದರೆ ಬಿಸಿ ಹಾಲು ತೆಳ್ಳಗೆ ತೋರಿಸುತ್ತದೆ. ನಿಮ್ಮ ಹಾಲು ಯಾವಾಗಲೂ ಬಿಸಿಯಿರುತ್ತಿತ್ತು."

ಆಕೆಯ ಬೆರಳು ನಿಂತವು. ಸಿಪ್ಪೆ ಅರ್ಧ ಬಿಚ್ಚಿದ ಎಸಳು ಹಾಗೆಯೇ ಉಳಿಯಿತು. ಅಯ್ಯೋ ಬಿಡಿ ಎನ್ನುತ್ತಾಳೆಂದುಕೊಂಡೆ, ಅನ್ನಲಿಲ್ಲ. ನಾನು ನೀರು ಹಾಕಿರಲಿಲ್ಲ ಎಂದೂ ಅನ್ನಲಿಲ್ಲ. ಹಾಕಿದ್ದೆ ಎಂದೂ ಅನ್ನಲಿಲ್ಲ. ಹಸುಗಳ ಹತ್ತಿರ ಬಗ್ಗಿದ್ದ ಮಗಳ ಬೆನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು.

"ಯಾವತ್ತು ಒಡ್ದಿದ್ದು ಸಾ? ನನ್ನೆಸ್ರು ಬರ್ಯೋಕ್ ಮುಂಚ್ಲಾ, ಆಮ್ಯಾಕಾ?"

"ಗೊತ್ತಿಲ್ಲಮ್ಮ" ಎಂದೆ.

ನನಗೆ ಗೊತ್ತಿಲ್ಲ. ಆಕೆ ನೀರು ಹಾಕಿದ್ದಳೋ, ಮಗಳು ಹಾಕಿದ್ದಳೋ, ಯಾರೂ ಹಾಕಿರಲಿಲ್ಲವೋ, ಅದೂ ಗೊತ್ತಿಲ್ಲ.